ಆಯೇರಿ ಕೂಗುವ ಶೇಖವ್ವ

ಗಿಫ್ಟ್ ಎಂಬ ಇಂಗ್ಲಿಷ್ ಶಬ್ದಕ್ಕೆ ನನ್ನ ಹಳೆಯ ನಿಘಂಟಿನಲ್ಲಿ ಕೊಡುಗೆ, ಉಡುಗೊರೆ, ಕಾಣಿಕೆ, ಇನಾಮು ಎಂದು ಒಂದೇ ಹಗ್ಗಕ್ಕೆ ನಾಲ್ಕು ದನ ಕಟ್ಟಿದ ಹಾಗೆ ಅರ್ಥ ಬರೆದಿದ್ದಾರೆ. ಬರೆದವರು ಒಮ್ಮೆ ನಮ್ಮೂರು ಸವಡಿಗೆ ಬಂದು ಶೇಖವ್ವನ ಮುಂದೆ ಕೂತಿದ್ದರೆ, ಹಗ್ಗ ಬಿಚ್ಚಿ ಒಂದೊಂದನ್ನೂ ಬೇರೆ ಗೂಟಕ್ಕೆ ಕಟ್ಟುತ್ತಿದ್ದರು. ನಾನು ಮಾಸ್ತರರ ಕೈಯಲ್ಲಿ ಕಲಿತವನಲ್ಲ, ಕಣದಲ್ಲಿ ಕಾಳು ಹೆಕ್ಕಿದ ಹಾಗೆ ಶಬ್ದ ಹೆಕ್ಕಿಕೊಂಡವನು. ಈ ಒಂದು ಶಬ್ದದ ಮಟ್ಟಿಗೆ ನಿಘಂಟಿಗಿಂತ ಶೇಖವ್ವನನ್ನೇ ನಂಬುತ್ತೇನೆ.

ವಾರವೆಲ್ಲ ಮಂದಿಯ ಹೊಲದಲ್ಲಿ ಕಸ ತೆಗೆಯುವ ಹೆಂಗಸು ಆಕೆ. ಮದುವೆಯ ದಿನ ಮಾತ್ರ ಆಕೆಯ ಗತ್ತೇ ಬೇರೆ. ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದ ಮೇಲೆ ಬಂಧುಬಳಗದವರು ಬಟ್ಟೆಯ ತಟ್ಟೆ ಹಿಡಿದು ಸಾಲಾಗಿ ಬರುತ್ತಾರಲ್ಲ, ಆಗ ಹಂದರದ ಕಂಬಕ್ಕೆ ಬೆನ್ನು ಕೊಟ್ಟು, ಯಾರು, ಏನು ಸಂಬಂಧ, ಏನು ತಂದಿದ್ದಾರೆ ಎಂದು ಊರಿಗೆ ಕೇಳುವಂತೆ ಕೂಗುವವಳು ಶೇಖವ್ವ. ತಮ್ಮವರು ತಂದ ಬಟ್ಟೆ ಆಯೇರಿ. ಅದರಲ್ಲಿ ಸೋದರಮಾವನದೇ ಮೊದಲು. ಹಿಂದೆ ತಮ್ಮ ಮನೆಗೆ ಬಂದ ಆಯೇರಿಯನ್ನು ತಿರುಗಿಸಿದರೆ ಅದು ಮುಯ್ಯಿ. ಬಂದದ್ದಕ್ಕಿಂತ ಒಂದೆಳೆ ಹೆಚ್ಚೇ ಇರಬೇಕು, ನಾಲ್ಕು ಮಂದಿಯ ಮುಂದೆ ಬಿಚ್ಚಿ ತೋರಿಸಬೇಕು. ದೊಡ್ಡವರು ಸಣ್ಣವರಿಗೆ ಕೊಟ್ಟರೆ ಇನಾಮು, ಬಾಜಾದವರಿಗೆ ಖುಷಾಲಿ, ಮಠಕ್ಕೆ ಕಾಣಿಕೆ. ಹೆಣ್ಣಿನ ಸೆರಗಿಗೆ ಹಾಕಿದರೆ ಉಡಿ. ಉಡಿಗೆ ಅಳತೆಯೂ ಇಲ್ಲ, ತಿರುಗಿಸುವ ಮಾತೂ ಇಲ್ಲ. ಈ ಹೆಸರುಗಳನ್ನು ತಪ್ಪದೆ ಕೂಗುವುದೇ ಶೇಖವ್ವನ ಆಸ್ತಿಯಾಗಿತ್ತು.

ಅಷ್ಟರಲ್ಲಿ ಗಜೇಂದ್ರಗಡದಿಂದ ಉಮಾಶ್ರೀ ಎಂಬ ಹುಡುಗಿ ಮೈಕು ಹಿಡಿದು ಬಂದಳು. ಮಾತು ಮಾತಿಗೆ ನಗಿಸುತ್ತಾಳೆ, ನಡುನಡುವೆ ಹಾಡುತ್ತಾಳೆ. ಆದರೆ ಆಕೆಗೆ ಸ್ಟೀಲಿನ ಕೊಡವೂ ಗಿಫ್ಟ್, ಸೋದರಮಾವನ ಸೀರೆಯೂ ಗಿಫ್ಟ್. ಮಂದಿ ಅದಕ್ಕೇ ಚಪ್ಪಾಳೆ ತಟ್ಟಿದರು. ಒಂದೊಂದೇ ಮನೆ ಶೇಖವ್ವನನ್ನು ಬಿಟ್ಟು ಉಮಾಶ್ರೀಯನ್ನು ಕರೆಯತೊಡಗಿತು.

"ಆಡೂ ದನ, ಎಮ್ಮೀನೂ ದನ ಅಂದ್ರ ಹಾಲು ಯಾವದರದು ಅಂತ ಹ್ಯಾಂಗ ತಿಳಿಬೇಕು?" ಎಂದು ಶೇಖವ್ವ ಹೊಲದಲ್ಲಿ ಕಸ ಕೀಳುವ ಕುರ್ಚಿಗಿಯನ್ನು ನೆಲಕ್ಕೆ ಕುಕ್ಕಿ ಕೇಳುತ್ತಿದ್ದಳು.

"ಯಕ್ಕಾ, ನಿನ್ನ ಹೊಟ್ಟ್ಯಾಗ ಒಲಿ ಹತ್ತೈತಿ. ಹೊಗಿ ಮೂಗಿನಾಗ ಬರಾಕತ್ತೈತಿ ನೋಡು!" ಎಂದು ಜೊತೆಯವರು ನಗುತ್ತಿದ್ದರು.

ಆ ಒಲೆಗೆ ಎಣ್ಣೆ ಹೊಯ್ದವಳು ಸ್ವಂತ ತಂಗಿ ಮಾನವ್ವ. ಮಗಳು ಮಾಲಾಳ ಮದುವೆ ಗೊತ್ತಾದಾಗ ಬಂದು, "ಅಕ್ಕಾ, ಈ ಸಲ ನೀ ಮುಂದ ಕುಂತು ನೋಡು. ಗಂಡಿನ ಕಡಿಯವ್ರು ಮೈಕಿನಾಕೀಗೆ ಹೇಳ್ಯಾರ," ಎಂದಳು.

"ಯಾಕ, ನನ್ನ ಗಂಟಲಕ್ಕ ಹುಳಾ ಬಿದ್ದಾವೇನು?"

"ಹಂಗಲ್ಲಬೇ, ನೀನೂ ಒಂದಿನಾ ಆರಾಮ ಕುಂದ್ರು ಅಂತ."

ಶೇಖವ್ವ ಕೂತಳು. ಆರಾಮವಾಗಿ ಅಲ್ಲ, ಕೆಂಡದ ಮೇಲೆ ಕೂತ ಹಾಗೆ. ಉಮಾಶ್ರೀ ಬಂದವಳೇ ಆಕೆಯ ಕಾಲು ಮುಟ್ಟಿ, "ಅಮ್ಮಾರ, ನಿಮ್ಮ ಕೂಗಿನ ಸುದ್ದಿ ಭಾಳ ಕೇಳೇನ್ರಿ," ಎಂದಳು.

"ಇನ್ನ ಸುದ್ದಿ ಅಷ್ಟ ಕೇಳೂದು ತಂಗಿ, ಕೂಗು ಎಲ್ಲಿ ಐತಿ," ಎಂದಳು ಶೇಖವ್ವ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ; ಆ ಹುಡುಗಿಯ ನಮಸ್ಕಾರ ಆಕೆಯನ್ನು ಇನ್ನಷ್ಟು ಸುಟ್ಟಿತು.

ಉಮಾಶ್ರೀ ಎಲ್ಲಾದರೂ ಎಡವಲಿ ಎಂದು ಶೇಖವ್ವ ಕಾಯುತ್ತಿದ್ದಳು. ಹುಡುಗಿ ಎಡವಲಿಲ್ಲ. ತನ್ನ ಸೀರೆಯನ್ನು ಗಿಫ್ಟ್ ಎಂದರೂ ಸೋದರಮಾವನೇ ಹಲ್ಲು ಕಿರಿದು, ಮೈಕಿನಲ್ಲಿ ತನ್ನ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು ಹೋದ. ಆಮೇಲೆ ನೆರೆಮನೆಯ ಕಲ್ಲವ್ವ ಬಂದಳು. ಕೈಯಲ್ಲಿ ಮಿಂಚುವ ಕಾಗದ ಸುತ್ತಿದ ಪೊಟ್ಟಣ. ಕಲ್ಲವ್ವನ ಮಗಳ ಮದುವೆಯಲ್ಲಿ ಮಾನವ್ವ ಇಳಕಲ್ಲ ಸೀರೆಯ ಆಯೇರಿ ಮಾಡಿದ್ದಳು. ಈಗ ತಿರುಗಿಸುವ ಪಾಳಿ. ಆದರೆ ಕಲ್ಲವ್ವನ ಗಂಡ ಸೂಡಿಗೆ ಹೋಗುವ ದಾರಿಯಲ್ಲಿ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದು ಊರಿಗೇ ಗೊತ್ತಿತ್ತು. ಶೇಖವ್ವನಿಗೂ ಗೊತ್ತಿತ್ತು.

"ಕಲ್ಲವ್ವ ಅಕ್ಕಾರ ಕಡಿಂದ ಪ್ರೀತಿಯ ಗಿಫ್ಟ್!" ಎಂದಳು ಉಮಾಶ್ರೀ. ಚಪ್ಪಾಳೆ ಬಿತ್ತು. ಕಲ್ಲವ್ವ ಪೊಟ್ಟಣ ಇಟ್ಟು ವೇದಿಕೆಯಿಂದ ಬೇಗ ಬೇಗ ಇಳಿಯತೊಡಗಿದಳು.

ಶೇಖವ್ವನ ಕಣ್ಣಿಗೆ ಕಲ್ಲವ್ವ ಕಾಣಲಿಲ್ಲ, ಮೈಕೊಂದೇ ಕಂಡಿತು. ದಡಕ್ಕನೆ ಎದ್ದು ವೇದಿಕೆ ಹತ್ತಿ, "ಗಿಫ್ಟ್ ಅಲ್ಲ ತಂಗಿ ಅದು, ಮುಯ್ಯಿ! ಮುಯ್ಯಿ ಅಂದ ಮ್ಯಾಲ ಬಿಚ್ಚಿ ತೋರಸ್ಬೇಕು," ಎಂದು ಹಳೆಯ ದನಿಯಲ್ಲಿ ಕೂಗಿದಳು. ಇಡೀ ಹಂದರ ತಿರುಗಿ ನೋಡಿತು. ಎಷ್ಟೋ ದಿನದ ಮೇಲೆ ಮಂದಿ ತನ್ನತ್ತ ನೋಡಿದ ಹುರುಪಿನಲ್ಲಿ ಆಕೆ ಕಾಗದ ಹರಿದಳು.

ಒಳಗೆ ಸೀರೆ ಇರಲಿಲ್ಲ. ಒಂದು ಕುಬಸದ ಖಣ ಇತ್ತು, ಅಷ್ಟೇ.

ಮೆಟ್ಟಿಲ ಮೇಲೆ ನಿಂತಲ್ಲೇ ಕಲ್ಲವ್ವ ಹೇಳಿದಳು: "ಹೌದ ಶೇಖವ್ವಾ, ಮುಯ್ಯೀನ. ಈ ವರ್ಷ ಇಷ್ಟ ಆತು. ಈಗ ನೀ ಮಾಡಿದ ಈ ಮರ್ಯಾದೀನೂ ತಿರುಗಿ ಕೊಡ್ಬೇಕಾಗತೈತಿ, ಅದು ಮಾತ್ರ ನನ್ನ ಕಡಿ ಆಗೂದಿಲ್ಲ."

"ಅಕ್ಕಾ, ಇದೇನ ಮಾಡಿದಿ..." ಮಾನವ್ವ ಹಣೆಗೆ ಕೈ ಹಚ್ಚಿದಳು.

ಆಗ ಮದುಮಗಳು ಮಾಲಾ ಎದ್ದು ಕಲ್ಲವ್ವನ ಮುಂದೆ ಸೆರಗು ಒಡ್ಡಿದಳು. "ಚಿಗವ್ವಾ, ಹಾಂಗ ಹೊಂಟ್ರ ಹ್ಯಾಂಗ? ಖಣಾ ತಂದಿ, ಉಡಿ ತುಂಬಾವ್ರು ಯಾರು?"

ಅಕ್ಕಿಕಾಳಿನ ತಟ್ಟೆ ಪಕ್ಕದಲ್ಲೇ ಇತ್ತು. ಯಾರೋ ಕಾಯಿ ಕೊಟ್ಟರು. ಕಲ್ಲವ್ವ ತಿರುಗಿ ಬಂದು ಉಡಿ ತುಂಬಿದಳು. ಉಮಾಶ್ರೀ ಮೆಲ್ಲಗೆ ಮೈಕನ್ನು ಶೇಖವ್ವನ ಮುಂದೆ ಹಿಡಿದಳು: "ಇದನ್ನ ನೀವ ಕೂಗ್ರಿ ಅಮ್ಮಾರ."

ಇಷ್ಟು ದಿನ ಹಂಬಲಿಸಿದ್ದು ಬಾಯಿಯ ಹತ್ತಿರವೇ ಬಂದಿತ್ತು. ಶೇಖವ್ವ ಮೈಕನ್ನು ಹುಡುಗಿಯ ಕಡೆಗೇ ಸರಿಸಿದಳು. ಹರಿದ ಕಾಗದವನ್ನು ಮುಷ್ಟಿಯಲ್ಲಿ ಮುದುಡಿಕೊಂಡು ಕೆಳಗಿಳಿದಳು.

ಆಕೆಯ ಹೊಟ್ಟೆಕಿಚ್ಚು ಆರಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊನ್ನೆ ರಾಜೂರಿನ ಮದುವೆಯಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಉಮಾಶ್ರೀ ಗಿಫ್ಟ್ ಎಂದಾಗಲೆಲ್ಲ, "ಆಯೇರಿ ಅದು, ಹುಚ್ಚಿ," "ಇನಾಮು ಅದು, ಬಾಯಿಗೆ ಬಂದಂಗ ಒದರ್ತಾಳ," ಎಂದು ಹಲ್ಲು ಕಡಿಯುತ್ತಿದ್ದಳು. ಅಷ್ಟರಲ್ಲಿ ಒಬ್ಬ ಹೆಂಗಸು ಮಿಂಚುವ ಕಾಗದದ ಪೊಟ್ಟಣ ಇಟ್ಟು, ತಲೆ ತಗ್ಗಿಸಿ ಇಳಿದಳು.

"ಇದೇನು ಶೇಖವ್ವಾ, ಆಯೇರಿಯೋ, ಮುಯ್ಯೋ?" ಪಕ್ಕದವಳು ಕೆಣಕಿದಳು.

ಶೇಖವ್ವ ಮುಖವನ್ನು ಹಂದರದ ಕಂಬದ ಕಡೆ ತಿರುಗಿಸಿದಳು.

"ಆಕೀ ಹೇಳಿದ್ಲಲಾ, ಗಿಫ್ಟ್," ಎಂದಳು, ಬೇವಿನ ಎಲೆ ಅಗಿದವಳ ಹಾಗೆ.