ಉಮ್ ಬದರ್ ಹಿಂದಿರುಗಿಸಿದ ಕೈಗವಸು

ಕೊರೊನಾ ಮುಗಿದು ವಿಮಾನಗಳು ಸರಿಯಾಗಿ ಹಾರತೊಡಗಿದ ಮೇಲಿನ ಎರಡನೆಯ ಚಳಿಗಾಲ. ಆಗ ನಾನು ಕುವೈತಿನ ಸಾಲ್ಮಿಯಾದಲ್ಲಿ ಒಂದು ಕ್ರೀಡಾ ಸಾಮಗ್ರಿ ಅಂಗಡಿಯ ಹಿಮದ ಉಡುಪುಗಳ ವಿಭಾಗಕ್ಕೆ ಸೂಪರ್‌ವೈಸರ್ ಆಗಿದ್ದೆ. ಈ ಹುದ್ದೆಯ ಹೆಸರು ಕೇಳಿ ನಕ್ಕವರೇ ಹೆಚ್ಚು. ಮಂಡ್ಯದಲ್ಲಿರುವ ನನ್ನ ಷಡ್ಡಕ ಪ್ರತಿ ರಜೆಯಲ್ಲೂ, "ಏನಪ್ಪಾ ರಾಮಚಂದ್ರ, ಬಾಣಲೇಲಿ ಕೂತ್ಕೊಂಡು ಕಂಬಳಿ ಮಾರ್ತಿದ್ದೀಯಂತೆ" ಎಂದು ಕೆಣಕುತ್ತಿದ್ದ. ನಗಲಿ ಬಿಡಿ. ಚಳಿಗಾಲದ ರಜೆ ಬಂತೆಂದರೆ ಕುವೈತಿನ ಎಷ್ಟೋ ಮನೆಗಳು ಹಿಮ ನೋಡಲು ಟರ್ಕಿಗೋ ಜಾರ್ಜಿಯಾಕ್ಕೋ ಹೊರಡುತ್ತವೆ, ಹೊರಡುವ ಮುಂಚೆ ನಮ್ಮ ಅಂಗಡಿಗೆ ಬರುತ್ತವೆ. ಹತ್ತೊಂಬತ್ತು ವರ್ಷ ನಾನು ಅದೇ ಕೌಂಟರಿನಲ್ಲಿ ನಿಂತಿದ್ದೇನೆ. ಹಿಮವನ್ನು ಮಾತ್ರ ಇಂದಿಗೂ ಕಣ್ಣಾರೆ ಕಂಡಿಲ್ಲ.

ಈ ಕೆಲಸದಲ್ಲಿ ಕಷ್ಟದ್ದು ಕೋಟಲ್ಲ, ಬೂಟಲ್ಲ, ಗ್ಲೌಸು. ಅದರಲ್ಲೂ ಸ್ನೋಮೊಬೈಲ್ ಓಡಿಸುವವರ ಗ್ಲೌಸು. ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡುವ, ಮೋಟರ್ ಸೈಕಲ್ಲಿನಂಥ ಯಂತ್ರ. ಬಲಗೈ ಹೆಬ್ಬೆರಳಿನಿಂದ ವೇಗ ಕೊಡಬೇಕು, ಎಡಗೈಯಿಂದ ಬ್ರೇಕ್ ಹಿಡಿಯಬೇಕು. ದಾರಿಯೇ ಇಲ್ಲದ ಬೆಟ್ಟಗಳ ಮೆದು ಹಿಮಕ್ಕೆ, ಸವಾರರ ಮಾತಿನಲ್ಲಿ ಬ್ಯಾಕ್‌ಕಂಟ್ರಿಗೆ, ನುಗ್ಗಿದರೆ ಯಂತ್ರ ಒಂದಲ್ಲ ಒಂದು ಕಡೆ ಹೂತುಹೋಗುತ್ತದೆ. ಆಗ ಕೈಯಲ್ಲೇ ಹಿಮ ತೋಡಬೇಕು. ಹೊರಗಿನಿಂದ ಕರಗಿದ ಹಿಮದ ನೀರು, ಒಳಗಿನಿಂದ ಬೆವರು. ಒದ್ದೆ ಕೈಗೆ ಗಾಳಿ ಬಡಿದರೆ ಬೆರಳು ಉಳಿಯುವುದು ಕಷ್ಟ. ಅದಕ್ಕೇ ಒಳ್ಳೆಯ ಗ್ಲೌಸಿನ ಹೊರಪದರಕ್ಕೂ ಒಳಗಿನ ಬೆಚ್ಚನೆಯ ಪದರಕ್ಕೂ ನಡುವೆ ಮೆಂಬ್ರೇನ್ ಎಂಬ ತೆಳು ಹಾಳೆ ಇರುತ್ತದೆ. ಅದು ನೀರನ್ನು ಒಳಗೆ ಬಿಡುವುದಿಲ್ಲ, ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ. ಅದರ ಅಂಚುಗಳನ್ನು ಅಂಟು ಹಾಕಿ ಕೂಡಿಸಿರುತ್ತಾರೆ.

ಒಂದು ಸಂಜೆ ಅಬಾಯಾ ತೊಟ್ಟ ಹೆಂಗಸೊಬ್ಬರು ಬಂದು ಕೌಂಟರಿನ ಮೇಲೆ ಒಂದು ಚೀಲ ಕುಕ್ಕಿದರು. ವಯಸ್ಸು ಐವತ್ತೈದರ ಆಸುಪಾಸು, ಮನೆ ಸಲ್ವಾದಲ್ಲಿ. ತಮ್ಮನ್ನು ಉಮ್ ಬದರ್ ಎಂದು ಹೇಳಿಕೊಂಡರು, ಅಂದರೆ ಬದರನ ತಾಯಿ. ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದೇ ಹಾಗೆ. ಹಿಂದೆ ನಿಂತಿದ್ದ ಎತ್ತರದ ಯುವಕನೇ ಬದರ್. ದಂತವೈದ್ಯಕೀಯದ ಕೊನೆಯ ವರ್ಷದಲ್ಲಿದ್ದ. ಅವನ ಬಲಗೈ ಜೇಬಿನೊಳಗೇ ಇತ್ತು.

"ಸದೀಕ್, ಇದು ನಿನ್ನ ಅಂಗಡಿಯದು. ನೀರು ಬರೋದಿಲ್ಲ ಅಂತ ಹೇಳಿ ಕೊಟ್ಟಿರಿ," ಅಂದರು ಉಮ್ ಬದರ್, ಗೆಳೆಯ ಎಂಬರ್ಥದ ಅರಬ್ಬಿ ಮಾತಿನಿಂದ ನನ್ನನ್ನು ಕರೆದು. "ನನ್ನ ಮಗನ ಕೈ ನೋಡು."

ಬದರ್ ಒಲ್ಲದ ಮನಸ್ಸಿನಿಂದ ಕೈ ಹೊರತೆಗೆದ. ನೋಡಲು ಏನೂ ಆಗಿರಲಿಲ್ಲ, ತೋರುಬೆರಳು ಮತ್ತು ನಡುಬೆರಳಿನ ತುದಿಯ ಚರ್ಮ ಮಾತ್ರ ಸ್ವಲ್ಪ ಬಿಳಿಚಿತ್ತು. ಹಿಂದಿನ ಚಳಿಗಾಲದಲ್ಲಿ ಜಾರ್ಜಿಯಾದ ಬೆಟ್ಟದಲ್ಲಿ ಗ್ಲೌಸಿನೊಳಗೆ ನೀರು ಇಳಿದು ಆ ಎರಡು ಬೆರಳು ಮರಗಟ್ಟಿ, ಊರಿಗೆ ಬರುವಷ್ಟರಲ್ಲಿ ಬೊಕ್ಕೆ ಎದ್ದಿದ್ದವಂತೆ. ಸ್ಪರ್ಶಜ್ಞಾನ ಮರಳಲು ತಿಂಗಳುಗಳೇ ಹಿಡಿದಿದ್ದವು. ಒಮ್ಮೆ ಹೀಗಾದ ಬೆರಳು ಎರಡನೆಯ ಸಲ ಬೇಗ ಸೋಲುತ್ತದೆ, ಆಮೇಲೆ ಹಲ್ಲು ಕೊರೆಯುವ ಉಪಕರಣ ಹಿಡಿಯುವ ಆಸೆ ಬಿಡಬೇಕಾದೀತು ಎಂದು ಜಾಬ್ರಿಯಾದ ವೈದ್ಯರು ಎಚ್ಚರಿಸಿದ್ದರು. ಇಷ್ಟಾದರೂ ಮಹಾರಾಯ ಗೆಳೆಯರ ಜತೆ ಮತ್ತೆ ಅಲ್ಲಿಗೇ ಹೊರಟಿದ್ದ. ಸರಿಯಾದ ಗ್ಲೌಸು ಸಿಗದೆ ವಿಮಾನ ಹತ್ತಲು ಬಿಡುವುದಿಲ್ಲ ಎಂದು ತಾಯಿ ಅವನ ಪಾಸ್‌ಪೋರ್ಟನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದರು.

ನಾನು ಗ್ಲೌಸನ್ನು ಕೈಗೆತ್ತಿಕೊಂಡೆ. ಹಿಂದೆ ಬಂದ ಸಾಮಾನನ್ನು ಮೊದಲು ಮೂಸುವುದು ನನ್ನ ಅಭ್ಯಾಸ. ಹೊಸಬರು ಮುಖ ಕಿವುಚುತ್ತಾರೆ, ಆದರೆ ಬೆವರು, ಡೀಸೆಲ್, ಒಂಟೆ, ಎಲ್ಲವನ್ನೂ ಮೂಗೇ ಹೇಳಿಬಿಡುತ್ತದೆ. ಅವತ್ತು ಒಳಗಿನಿಂದ ಬಂದದ್ದು ಬಖೂರಿನ ಪರಿಮಳ. ಕೆಂಡದ ಮೇಲೆ ಸುಗಂಧದ ಮರದ ಚೂರು ಹಾಕಿ, ಆ ಹೊಗೆಗೆ ಬಟ್ಟೆ ಹಿಡಿಯುವುದು ಕುವೈತಿನ ಮನೆಮನೆಯ ಪದ್ಧತಿ. ನಮ್ಮಲ್ಲಿ ಎಣ್ಣೆಸ್ನಾನ ಮಾಡಿದ ಕೂದಲಿಗೆ ಸಾಂಬ್ರಾಣಿ ಹಿಡಿಯುವ ಹಾಗೆ.

"ಇದಕ್ಕೂ ಬಖೂರ್ ಹಾಕ್ತೀರಾ?" ಎಂದು ಸಹಜವಾಗಿ ಎಂಬಂತೆ ಕೇಳಿದೆ.

"ಮತ್ತೆ? ಮಗ ಪರದೇಶಕ್ಕೆ ಹೋಗುವಾಗ ಹಾಗೇ ಕಳಿಸೋದಾ? ಮಬ್ಖರದ ಮೇಲೆ ಬೋರಲು ಹಾಕಿದ್ದೆ, ಬೆರಳಿನ ತುದಿವರೆಗೂ ಹೊಗೆ ಹೋಗಲಿ ಅಂತ."

ಮಬ್ಖರ ಎಂದರೆ ಆ ಕೆಂಡದ ಪಾತ್ರೆ. ನನಗೆ ಎಲ್ಲ ಅರ್ಥವಾಯಿತು. ಬಿಸಿ ತಗಲಿದರೆ ಮೆಂಬ್ರೇನಿನ ಅಂಟು ಬಿಡುತ್ತದೆ. ಬೋರಲು ಹಾಕಿದ ಗ್ಲೌಸಿನಲ್ಲಿ ಕೆಂಡದ ಕಾವೆಲ್ಲ ಏರಿ ಬೆರಳಿನ ತುದಿಯಲ್ಲೇ ನಿಂತಿರಬೇಕು. ತಲೆಯೆತ್ತಿ ನೋಡಿದರೆ ಬದರ್ ನನ್ನನ್ನೇ ದಿಟ್ಟಿಸುತ್ತಿದ್ದ. ಬೂಟು ನೋಡುವ ನೆಪದಲ್ಲಿ ನನ್ನನ್ನು ಡೇರೆಗಳ ಸಾಲಿನ ಹಿಂದಕ್ಕೆ ಕರೆದೊಯ್ದ.

"ಅಂಕಲ್, ನನಗೆ ಗೊತ್ತು," ಅಂದ. "ಅಲ್ಲಿಯ ಗೈಡು ಗ್ಲೌಸಿನ ಒಳಪದರ ಹೊರಗೆಳೆದು ನೋಡಿ, ಬೆಂಕಿಗೆ ಹಿಡಿದಿದ್ದೆಯಾ ಅಂತ ಕೇಳಿದ್ದ. ನಾನು ಮನೇಲಿ ಹೇಳಿಲ್ಲ. ಆಸ್ಪತ್ರೆಯಲ್ಲಿ ಯುಮ್ಮಾ ಇಡೀ ದಿನ ನನ್ನ ಬೆರಳಿಗೆ ಊದುತ್ತಾ ಕೂತಿದ್ದಳು. ಹೇಗೆ ಹೇಳಲಿ? ತಪ್ಪು ಕಂಪೆನಿಯದು ಅಂದುಬಿಡಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಿತ್ತು ನಮ್ಮ ಅಂಗಡಿಯ ಸ್ಥಿತಿ. ಆದರೂ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲೇ ಅವನ ಬೆನ್ನು ತಟ್ಟಬೇಕೆನಿಸಿತು. ಕ್ಯಾಶಿನಲ್ಲಿದ್ದ ಉಡುಪಿ ಕಡೆಯ ಸ್ಟ್ಯಾನಿ ನನ್ನಿಂದ ವಿಷಯ ಕೇಳಿ ತಿಳಿದುಕೊಂಡು, ಕನ್ನಡದಲ್ಲಿ ಪಿಸುಗುಟ್ಟಿದ.

"ಕಂಪೆನಿಯವರ ತಪ್ಪು ಅಂತ ಹೇಳಿ ಖಲಾಸ್ ಮಾಡಿ ಮಾರಾಯ್ರೆ. ಬೇರೆ ಜೋಡಿ ಕೊಟ್ಟರಾಯ್ತು. ಆ ಅಮ್ಮನ ಮನಸ್ಸು ಯಾಕೆ ನೋಯಿಸುದು?"

"ಬೇರೆ ಜೋಡೀನೂ ಆ ಯಮ್ಮ ಕೆಂಡದ ಮೇಲೇ ಇಡ್ತಾರಲ್ಲೋ," ಅಂದೆ.

ಅತ್ತ ದರಿ, ಇತ್ತ ಪುಲಿ. ಹೇಳಿದರೆ ತಾಯಿಯ ಜೀವ ಹಿಂಡಿದಂತೆ, ಹೇಳದಿದ್ದರೆ ಮಗನ ಬೆರಳು ಹೋದಂತೆ. ಗ್ಲೌಸನ್ನು ಕಾರಿನಲ್ಲಿ ಬಚ್ಚಿಡುತ್ತೇನೆ ಎಂದ ಬದರ್. ಮಗನ ಪಾಸ್‌ಪೋರ್ಟನ್ನೇ ಕೈಚೀಲದಲ್ಲಿ ಇಟ್ಟುಕೊಂಡ ತಾಯಿಯಿಂದ ಗ್ಲೌಸು ಬಚ್ಚಿಡುವುದುಂಟೇ ಎಂದು ನನಗೆ ನಗು ಬಂತು. ಬಾಯಲ್ಲಿ ಹೇಳುವ ಬದಲು ತೋರಿಸಿಬಿಡೋಣ ಎಂದು ನಿರ್ಧರಿಸಿದೆ. ಪಕ್ಕದ ದಿನಸಿ ಅಂಗಡಿಯಿಂದ ಐಸ್ ತರಿಸಿ ಬಕೆಟ್ಟಿಗೆ ಸುರಿದು ನೀರು ತುಂಬಿಸಿದೆ. ಗ್ಲೌಸು ತೊಟ್ಟು ನಾನೇ ಕೈ ಅದ್ದಲು ಹೊರಟಾಗ ಉಮ್ ಬದರ್ ತಡೆದರು.

"ನನಗೆ ಕೊಡು. ನನ್ನ ಮಗನಿಗೆ ಏನಾಯ್ತು ಅಂತ ನನಗೇ ಗೊತ್ತಾಗಬೇಕು."

ಉಂಗುರ ಬಿಚ್ಚಿಟ್ಟು, ಮಗನ ಗ್ಲೌಸು ತೊಟ್ಟು, ಮಣಿಕಟ್ಟಿನವರೆಗೆ ಕೈ ಮುಳುಗಿಸಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮುಖ ಬಿಗಿಯಿತು. ಕೈ ತೆಗೆದು ನೋಡಿದರೆ ಅಂಗೈ ನೆನೆದಿರಲಿಲ್ಲ, ಬೆರಳ ತುದಿಗಳು ಒದ್ದೆಯಾಗಿದ್ದವು. ನಾನು ನನಗೆ ಬರುವ ಅಂಗಡಿ ಅರಬ್ಬಿಯಲ್ಲಿ ಅಂಟಿನ ವಿಷಯ, ಕಾವಿನ ವಿಷಯ ನಿಧಾನವಾಗಿ ಹೇಳಿದೆ. ಒಳಗೆ ಹೊಲಿದಿದ್ದ ಚೀಟಿಯಲ್ಲಿ ಬಿಸಿ ತಗಲಿಸಬಾರದೆಂಬ ಚಿತ್ರವಿತ್ತು, ಅದನ್ನೂ ತೋರಿಸಿದೆ.

ಉಮ್ ಬದರ್ ಒದ್ದೆ ಕೈಯಲ್ಲೇ ಮಗನ ಎರಡು ಬೆರಳು ಹಿಡಿದುಕೊಂಡರು.

"ನಿನಗೆ ಗೊತ್ತಿತ್ತಾ?" ಎಂದು ಮಗನನ್ನು ಕೇಳಿದರು.

"ಗೊತ್ತಿತ್ತು, ಯುಮ್ಮಾ."

"ಹಾಗಾದರೆ ಒಂದು ವರ್ಷದಿಂದ ಈ ಅಂಗಡಿಯವರಿಗೆ ನಾನು ಹಾಕಿದ ಶಾಪವನ್ನೆಲ್ಲ ಈಗ ಯಾರು ವಾಪಸ್ ತಗೊಳ್ತಾರೆ?"

ಅದನ್ನು ಸ್ಟ್ಯಾನಿಗೆ ಕನ್ನಡದಲ್ಲಿ ಹೇಳಿದೆ. "ಅದಕ್ಕೇ ನನ್ನ ಸೊಂಟನೋವು ಹೋಗದಿದ್ದದ್ದು ಮಾರಾಯ್ರೆ," ಅಂದ ಅವನು, ಕಣ್ಣು ಒರೆಸಿಕೊಳ್ಳುತ್ತಾ.

ಉಮ್ ಬದರ್ ಉಂಗುರ ಹಾಕಿಕೊಂಡು, ಇನ್ನು ಮೇಲೆ ಮಗನ ಪ್ರಯಾಣದ ಬಟ್ಟೆಯನ್ನು ಮುಟ್ಟುವುದಿಲ್ಲ ಎಂದರು. ಬದರನ ಮುಖ ಸಣ್ಣದಾಯಿತು. ಅವನು ವರ್ಷವಿಡೀ ಹೆದರಿದ್ದು ಈ ಮಾತಿಗೇ ಎಂದು ನನಗೆ ಆಗ ಹೊಳೆಯಿತು. ಅಲ್ಲಿಂದ ಮುಂದಿನದು ನನ್ನ ಕಸುಬು.

ಮೊದಲು ಅವನನ್ನು ನಮ್ಮಲ್ಲಿ ಗೋಡೆಗೆ ಬಿಗಿದಿದ್ದ ಸ್ನೋಮೊಬೈಲ್ ಹ್ಯಾಂಡಲ್ಲಿನ ಮುಂದೆ ನಿಲ್ಲಿಸಿದೆ. ಮರಳಿನಲ್ಲಿ ಬೈಕ್ ಓಡಿಸಿ ಬೆಳೆದ ಹುಡುಗರೆಲ್ಲ ಮೈಗಂಟಿದ ಗ್ಲೌಸನ್ನೇ ಕೇಳುತ್ತಾರೆ, ಇವನೂ ಕೇಳಿದ. ಬಿಗಿಯಾದರೆ ರಕ್ತ ಸರಿಯಾಗಿ ಓಡುವುದಿಲ್ಲ, ಕೈ ಬೆಚ್ಚಗಿಡುವ ಗಾಳಿಗೂ ಜಾಗವಿರುವುದಿಲ್ಲ ಎಂದು ಗದರಿ ಒಂದು ಸೈಜ್ ದೊಡ್ಡದು ಕೊಟ್ಟೆ. ಗಾಳಿ ಬಡಿಯುವ ಹಿಂಬದಿ ದಪ್ಪಗಿರಬೇಕು. ಸ್ನೋಮೊಬೈಲಿನ ಹಿಡಿಯೊಳಗೇ ಹೀಟರ್ ಇರುವುದರಿಂದ ಅಂಗೈ ತೆಳ್ಳಗಿರಬೇಕು. ಕೋಟಿನ ತೋಳಿನ ಮೇಲೆ ಬಂದು ಬಿಗಿಯುವ ಉದ್ದನೆಯ ಪಟ್ಟಿ ಬೇಕು, ಇಲ್ಲದಿದ್ದರೆ ತೋಡುವಾಗ ಹಿಮ ಒಳಕ್ಕೆ ಸುರಿಯುತ್ತದೆ. ಹೆಬ್ಬೆರಳಿನಿಂದ ವೇಗದ ಹಿಡಿಯನ್ನು ಹತ್ತಾರು ಸಲ ಒತ್ತಿಸಿದೆ. ಮೂರು ಜೋಡಿ ತಿರಸ್ಕರಿಸಿ ನಾಲ್ಕನೆಯದಕ್ಕೆ ನಿಂತೆವು. ಅದರ ಉಣ್ಣೆಯ ಒಳಗವಸು, ಅಂದರೆ ಲೈನರ್, ಬೇರೆಯಾಗಿ ಕಳಚಿ ಬರುತ್ತಿತ್ತು. ಬೆವರಿಗೆ ಒದ್ದೆಯಾದರೆ ಬೆಟ್ಟದ ಮೇಲೇ ಬದಲಿಸಬಹುದು. ಇನ್ನೊಂದು ಜೊತೆ ಲೈನರನ್ನೂ ತೆಗೆದಿಟ್ಟೆ.

ಹೊರಗವಸನ್ನು ಬದರನ ಕೈಗೆ ಕೊಟ್ಟೆ. ಲೈನರುಗಳನ್ನು ಉಮ್ ಬದರ್ ಮುಂದಿಟ್ಟು, "ಇವು ನಿಮ್ಮ ಜವಾಬ್ದಾರಿ," ಅಂದೆ. "ಬರೀ ಉಣ್ಣೆ, ಅಂಟಿಲ್ಲ. ಕೆಂಡದ ಮೇಲೆ ಮಾತ್ರ ಬೇಡ. ಬಖೂರ್ ಹಾಕಿ, ಪಾತ್ರೆ ಹೊರಗಿಟ್ಟು, ಹೊಗೆ ತುಂಬಿದ ಕೋಣೆಯಲ್ಲಿ ತೂಗುಹಾಕಿ."

ಅದನ್ನು ನನ್ನ ಬಾಯಿಂದ ಎರಡು ಸಲ ಹೇಳಿಸಿದರು, ಮೂರನೆಯ ಸಲ ತಾವೇ ಒಪ್ಪಿಸಿದರು. ಆಮೇಲೆ ಕೈಚೀಲದಿಂದ ಪಾಸ್‌ಪೋರ್ಟ್ ತೆಗೆದು ಮಗನಿಗೆ ಕೊಟ್ಟರು.

ಅವನು ಸುಖವಾಗಿ ಹೋಗಿ ಬಂದ. ಆ ಸಂಜೆಯಿಂದ ನನ್ನ ಕೆಲಸದ ರೀತಿಯೂ ಸ್ವಲ್ಪ ಬದಲಾಯಿತು. ಸಾಮಾನು ಕೆಟ್ಟಿದೆ ಎಂದು ಬಂದವರನ್ನು ಮೊದಲೆಲ್ಲ 'ಎಲ್ಲಿ ಬಳಸಿದಿರಿ' ಎಂದು ಕೇಳುತ್ತಿದ್ದೆ. ಆಮೇಲೆ 'ಮನೆಯಲ್ಲಿ ಇದನ್ನು ಯಾರು ನೋಡಿಕೊಳ್ಳುತ್ತಾರೆ' ಎಂದೂ ಕೇಳತೊಡಗಿದೆ. ಎಷ್ಟೋ ವಸ್ತುಗಳು ಅಲಕ್ಷ್ಯದಿಂದಲ್ಲ, ಅಕ್ಕರೆಯಿಂದಲೇ ಕೆಡುತ್ತವೆ. ಹಾಗಿದ್ದರೂ ನಿಜವನ್ನು ಹೇಳಲೇಬೇಕು, ಹೇಳುವಾಗ ಅಕ್ಕರೆಗೆ ಬೇರೊಂದು ಕೆಲಸ ಹುಡುಕಿಕೊಡಬೇಕು ಎಂಬುದು ನಾನು ಕಲಿತ ಪಾಠ. ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಗತ್ತಿನಿಂದ ಬೋಧಿಸುತ್ತಿದ್ದೆ.

ಕಳೆದ ವರ್ಷ ನಿವೃತ್ತನಾಗಿ ಊರಿಗೆ ಹೊರಡುವ ಮುಂಚೆ ದವಡೆ ಹಲ್ಲು ಕಾಡಿತೆಂದು ಜಾಬ್ರಿಯಾದ ಒಂದು ಕ್ಲಿನಿಕ್ಕಿಗೆ ಹೋದೆ. ಮಾಸ್ಕಿನ ಮೇಲಿನ ಕಣ್ಣು ನನ್ನನ್ನು ಗುರುತಿಸಿ ನಕ್ಕಿತು. ಡಾಕ್ಟರ್ ಬದರ್. ಆ ಎರಡು ಬೆರಳು ನನ್ನ ಬಾಯೊಳಗೆ ಬಂದು, ಒಂದಿಷ್ಟೂ ನಡುಗದೆ ಕೆಲಸ ಮುಗಿಸಿದವು. ಹೇಳಿಕೊಳ್ಳಲಾಗದಷ್ಟು ಸಂತೋಷವಾಯಿತು.

"ಅಂಕಲ್, ದಿನಾ ಸಿಹಿ ತಿನ್ನುತ್ತೀರಿ. ಯಾರು ಕೊಡುತ್ತಾರೆ?" ಎಂದು ಕೇಳಿದ.

ಬಾಯಿ ತುಂಬ ಹತ್ತಿ ಇತ್ತು. ಬಾಗಿಲ ಕಡೆ ಬೆರಳು ತೋರಿಸಿದೆ. ಹೊರಗೆ ಕೂತಿದ್ದ ನನ್ನ ಹೆಂಡತಿ ಸುಮಿತ್ರಾ ಮದುವೆಯಾದಾಗಿನಿಂದ ನನ್ನ ಊಟದ ಡಬ್ಬಿಗೆ ಕೊಬ್ಬರಿ ಮಿಠಾಯಿ ಹಾಕಿ ಕಳಿಸಿದವಳು. ಹತ್ತಿ ತೆಗೆಯುವ ಹೊತ್ತಿಗೆ ಅವಳೇ ಗಾಬರಿಯಿಂದ ಒಳಗೆ ಬಂದಳು.

"ಯಾಕೆ ಕೆಡ್ತಂತೆ ರೀ ಹಲ್ಲು? ಏನಂದ್ರು ಡಾಕ್ಟ್ರು?"

ಬದರನಿಗೆ ಕನ್ನಡ ಬಾರದು. ಆದರೂ ಉಪಕರಣ ತೊಳೆಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಾ ನಿಂತ.

"ವಯಸ್ಸಾಯ್ತಂತೆ ಕಣೇ," ಅಂದೆ.