ಪುಟ್ಟಬಸವಯ್ಯನವರ ಎಡಗಾಲು

ನಮ್ಮ ಕಳಲೆಯ ಪುಟ್ಟಬಸವಯ್ಯನವರು ತಲೆಕೂದಲು ಕಪ್ಪಗಿದ್ದಾಗಿನಿಂದ ಬಾಡಿಗೆ ಕಾರು ಓಡಿಸುತ್ತಿದ್ದಾರೆ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಯಾವ ಹಂಪ್ ಎಲ್ಲಿದೆ ಎಂಬುದು ಅವರಿಗೆ ನೋಡದೆಯೇ ಗೊತ್ತು. ಹೆರಿಗೆ ನೋವು ಬಂದವರನ್ನು ಕೂರಿಸಿಕೊಂಡಾಗ ಅವನ್ನೆಲ್ಲ ಎಷ್ಟು ಮೆಲ್ಲಗೆ ದಾಟಿಸುತ್ತಾರೆಂದರೆ, ಊರಿನ ಬಸುರಿಯರ ಮನೆಯವರು ತಿಂಗಳು ಮೊದಲೇ ಅವರಿಗೆ ಹೇಳಿಟ್ಟಿರುತ್ತಾರೆ.

ಹೋದ ವರ್ಷ ಅವರಿಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ಕೆಲವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗುತ್ತದೆ, ಆಗಾಗ ಬಂದು ತೋರಿಸಿ ಎಂದು ಡಾಕ್ಟರು ಹೇಳಿದ್ದರು. ಸ್ವಲ್ಪ ಕಾಲ ಕಳೆದ ಮೇಲೆ ಕ್ಲಚ್ ತುಳಿದರೆ ಎಡಗಾಲಿಗೆ ಏನೂ ತಗುಲದಂತಾಯಿತು. ಹತ್ತಿ ಮೂಟೆ ತುಳಿದ ಹಾಗಿರುತ್ತಿತ್ತು ಎಂದು ಆಮೇಲೆ ಅವರೇ ಹೇಳಿದ್ದು. ಕಾಲು ಸತ್ತಿತು ಎಂದುಕೊಂಡರು. ಡಾಕ್ಟರ ಬಳಿ ಹೋದರೆ ಗಾಡಿ ಓಡಿಸಬೇಡ ಎನ್ನುತ್ತಾರೆಂಬ ಭಯಕ್ಕೆ ಹೋಗಲೇ ಇಲ್ಲ. ಹೆಂಡತಿ ಮುದ್ದಮ್ಮನವರಿಗೂ ಹೇಳದೆ, ಹಿತ್ತಲಲ್ಲಿ ಕೂತು ಪಾದಕ್ಕೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು.

ಒಂದು ದಿನ ಬಸುರಿಯೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಗೇರು ಬೀಳದೆ ಗಾಡಿ ಜಗ್ಗಿ ನಿಂತುಬಿಟ್ಟಿತು. ಆಕೆಗೆ ಏನೂ ಆಗಲಿಲ್ಲ. ಆದರೆ ಮರುದಿನವೇ ಪುಟ್ಟಬಸವಯ್ಯನವರು ಕಾರು ಮಾರುವುದೆಂದು ತೀರ್ಮಾನಿಸಿ, ಬೆಲೆ ಕಟ್ಟಿಸಲು ನಂಜನಗೂಡಿನ ಮೆಕ್ಯಾನಿಕ್ ಮಾದುವಿನ ಶೆಡ್ಡಿಗೆ ತಂದರು.

ಮಾದು ಒಂದು ಸುತ್ತು ಓಡಿಸಿ ಬಂದ.

"ಏನಣ್ಣ ಇದು, ಕ್ಲಚ್ ಬೆಣ್ಣೆ ತುಳ್ದಂಗೆ ಒಳಕ್ಕೋಯ್ತದೆ? ಎಂಗ್ ಓಡಿಸ್ತಿದ್ದೆ?"

"ನಿನ್ ಕಾಲ್ಗೂ ಅಂಗೇ ಆಯ್ತಾ?"

"ನನ್ ಕಾಲೇನು ದೇವ್ರು ಬ್ಯಾರೆ ಮಾಡವ್ನಾ? ಕ್ಲಚ್ಚಿನ ಎಣ್ಣೆ ಪೈಪಲ್ಲಿ ಗಾಳಿ ಸೇರ್ಕೊಂಡದೆ ಕಣಣ್ಣ."

ಪುಟ್ಟಬಸವಯ್ಯನವರು ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟರು.

ಎಣ್ಣೆ ಜಿನುಗುತ್ತಿದ್ದ ಕಡೆ ಮಾದು ಹೊಸ ವಾಷರ್ ಹಾಕಿ, ಮೇಲಿನ ಡಬ್ಬಿಗೆ ಎಣ್ಣೆ ತುಂಬಿದ. ಆಮೇಲೆ ಪುಟ್ಟಬಸವಯ್ಯನವರನ್ನು ಸ್ಟೀರಿಂಗ್ ಮುಂದೆ ಕೂರಿಸಿ, ತಾನು ಕಾರಿನಡಿ ತೂರಿ, ಗಾಳಿ ಬಿಡುವ ನಿಪ್ಪಲ್ಲಿಗೆ ಸಣ್ಣ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಎಣ್ಣೆಯಿದ್ದ ಬಾಟಲಿಯಲ್ಲಿ ಮುಳುಗಿಸಿದ.

"ತುಳಿ. ಅಂಗೇ ಇಡ್ಕೊ. ನಾನೇಳೋಗಂಟ ಬಿಡ್ಬ್ಯಾಡ."

ನಿಪ್ಪಲ್ ಸಡಿಲಿಸಿದಾಗ ಗುಳ್ಳೆಗಳು ಹೊರಟವು. ಅದನ್ನು ಬಿಗಿಮಾಡುವ ಮೊದಲೇ ಪುಟ್ಟಬಸವಯ್ಯನವರ ಕಾಲು ಮೇಲೆದ್ದಿತು. ನಳಿಕೆಯಲ್ಲಿದ್ದ ಗುಳ್ಳೆಗಳೆಲ್ಲ ಹಿಂದಕ್ಕೆ ಸರಿದವು.

"ಯಾಕಣ್ಣ ಬಿಟ್ಟೆ? ಮದ್ವೆ ಮೂರ್ತಕ್ಕೆ ಒತ್ತಾಯ್ತಾ?"

"ಕಾಲ್ ತಡೀತದೋ ಇಲ್ವೋ ಅಂತ ಎದ್ರುಕೊಂಡೆ ಕಣ್ಲಾ. ಸಕ್ಕರೆ ಕಾಯ್ಲೆ ನಂಗೆ."

ಮಾದು ನಿಪ್ಪಲ್ ಬಿಗಿಮಾಡಿ, ಕಾರಿನಡಿಯಿಂದ ತಲೆ ಹೊರಹಾಕಿದ.

"ಚಪ್ಲಿ ಬಿಟ್ಟು ತುಳಿಯಣ್ಣ. ನಾನ್ ಕಾಯ್ತೀನಿ."

ಬರಿಗಾಲಿನಲ್ಲಿ ತುಳಿದರು. ಮಾದು ಹೇಳುವ ತನಕ ಹಿಡಿದು, ಆಮೇಲೆ ಬಿಟ್ಟರು. ಪ್ರತಿ ಸಲವೂ ಗುಳ್ಳೆಗಳು ಕಡಿಮೆಯಾಗುತ್ತ, ಪೆಡಲ್ ಕಾಲಿಗೆ ಎದುರು ಒತ್ತತೊಡಗಿತು. ಕೊನೆಗೆ ಅದರ ರಬ್ಬರಿನ ಉಬ್ಬುಗೆರೆಗಳು ಪಾದಕ್ಕೆ ಒತ್ತಿದವು. ಹೆಬ್ಬೆರಳಿನ ಕಡೆ ಚೆನ್ನಾಗಿ, ಕಿರುಬೆರಳಿನ ಕಡೆ ತುಸು ಮಂಕಾಗಿ. ಅದನ್ನೂ ಅವರು ಗಮನಿಸಿದರು.

"ಈಗ ಬೆಲೆ ಏಳ್ಲಾ?" ಎಂದು ಮಾದು ಕೈ ಒರೆಸಿಕೊಳ್ಳುತ್ತ ಕೇಳಿದ.

"ತಡಿ. ಕಾಲ್ನೂ ತೋರಿಸ್ಬತ್ತೀನಿ. ಓಡಿಸ್ಬ್ಯಾಡ ಅಂತ ಡಾಕ್ಟ್ರಂದ್ರೆ ಆಗೇಳು."

ಶೆಡ್ಡಿನಿಂದ ಹೊರಟ ಪುಟ್ಟಬಸವಯ್ಯನವರು ಮನೆಯ ಕಡೆ ತಿರುಗಲಿಲ್ಲ. ಆಸ್ಪತ್ರೆಗೆ ಹೋಗಿ, ಚೀಟಿ ಮಾಡಿಸಿಕೊಂಡು ಸಾಲಿನಲ್ಲಿ ನಿಂತರು.