ದುಬಾರಿ ಲ್ಯಾಪ್‌ಟಾಪಿನೊಳಗಿನ ಮೂವತ್ತೆಂಟು ಸೂಲಗಿತ್ತಿಯರು

ಕೊರೊನಾ ಕಾಲ ಮುಗಿದು ಕಾಲೇಜುಗಳು ಮೊದಲಿನ ಹದಕ್ಕೆ ಬಂದ ಮೂರನೆಯ ವರ್ಷ. ಆಗ ನಾನು ರಾಯಚೂರಿನ ಸ್ಟೇಷನ್ ರಸ್ತೆಯ ಒಂದು ಅಧಿಕೃತ ಲ್ಯಾಪ್‌ಟಾಪ್ ಸರ್ವೀಸ್ ಸೆಂಟರಿನಲ್ಲಿ ಸೀನಿಯರ್ ಎಂಜಿನಿಯರ್ ಆಗಿದ್ದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಪೋತ್ನಾಳದಿಂದ ಬಂದವಳು ಹತ್ತೊಂಬತ್ತು ವರ್ಷ ಸ್ಕ್ರೂಡ್ರೈವರ್ ಹಿಡಿದೇ ಕಳೆದಿದ್ದೆ. ರಾಯಚೂರು, ದೇವದುರ್ಗ, ಮಾನ್ವಿ ಮೂರೂ ತಾಲ್ಲೂಕುಗಳ ಕರೆಗಳು ನನ್ನ ಮೇಜಿಗೇ ಬರುತ್ತಿದ್ದವು. ‘ಕರೆ’ ಎಂದರೆ ನಮ್ಮ ಭಾಷೆಯಲ್ಲಿ ಒಂದು ದೂರು, ಒಂದು ಯಂತ್ರ, ಒಂದು ನಂಬರು. ಇಷ್ಟು ದಿನಗಳಲ್ಲಿ ಮುಗಿಸಬೇಕು ಎಂಬ ಗಡುವು ಪ್ರತಿಯೊಂದಕ್ಕೂ ಇರುತ್ತಿತ್ತು.

ಜನ ನನ್ನನ್ನು ಹೆಚ್ಚಾಗಿ ಕೇಳುತ್ತಿದ್ದುದು ರಿಪೇರಿಯ ವಿಷಯವನ್ನಲ್ಲ. ದುಬಾರಿ ಬ್ರ್ಯಾಂಡಿಗೆ ಅಷ್ಟು ದುಡ್ಡು ಕೊಡುವುದು ಸರಿಯೇ ಎಂದು ಕೇಳುತ್ತಿದ್ದರು. ನನ್ನ ಉತ್ತರ ಸಿದ್ಧವಿರುತ್ತಿತ್ತು. ಅಗ್ಗದ ಯಂತ್ರದ ಹಿಂಜ್, ಅಂದರೆ ಪರದೆಯನ್ನು ತೆರೆದು ಮುಚ್ಚುವ ಕೀಲು, ನಮ್ಮ ಕಡೆಯ ಧೂಳಿಗೆ ಎರಡು ವರ್ಷದಲ್ಲಿ ಬಿಗಿದು ಪ್ಲಾಸ್ಟಿಕ್ಕನ್ನೇ ಕಿತ್ತುಕೊಂಡು ಬರುವುದನ್ನು ನೂರಾರು ಸಲ ನೋಡಿದ್ದೆ. ಏಪ್ರಿಲ್ ತಿಂಗಳ ಬಿಸಿಲಿಗೆ ಬ್ಯಾಟರಿ ಉಬ್ಬಿ ಕೀಬೋರ್ಡನ್ನು ಎತ್ತಿ ಹಿಡಿದದ್ದನ್ನೂ ನೋಡಿದ್ದೆ. ದುಬಾರಿಯವು ಈ ಎರಡು ಕಾಯಿಲೆಗಳಿಗಾಗಿ ನನ್ನ ಮೇಜಿಗೆ ಬಂದದ್ದು ಅಪರೂಪ.

ಹಾಗಾಗಿ ಸುಜಾತಾ ಎರಡು ಕೊಟೇಶನ್ ಹಿಡಿದು ಬಂದಾಗ ನಾನು ಯೋಚಿಸಲೇ ಇಲ್ಲ. ಅವಳು ಅರಕೇರಾದವಳು. ಕೂಲಿ ಮಾಡುವ ಬೌದ್ಧ ಮನೆತನದಿಂದ ಕಾಲೇಜಿಗೆ ಹೋದ ಮೊದಲ ಹೆಣ್ಣು. ದೇವದುರ್ಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದು ಪಿಎಚ್‌ಡಿ ಮಾಡುತ್ತಿದ್ದಳು. ಒಂದು ಕೊಟೇಶನ್ ನಲವತ್ತೆರಡು ಸಾವಿರದ್ದು, ಇನ್ನೊಂದು ಒಂದು ಲಕ್ಷ ದಾಟಿದ್ದು.

“ಯಾವ್ದು ತಗೊಳ್ಲಿ ಮೇಡಂ? ನಾ ಊರೂರು ತಿರುಗಿ ವಿಡಿಯೊ ಮಾಡಾಕತ್ತೀನಿ. ಅದೆಲ್ಲಾ ಇದರಾಗ ಇಡಬೇಕು.”

“ದೊಡ್ಡದು ತಗೊಳ್ರಿ,” ಎಂದೆ. “ಹತ್ತು ವರ್ಷ ನನ್ನ ಕಡೆ ಬರೂದು ಬ್ಯಾಡ.”

ಅವಳು ಬಂದದ್ದು ಒಂದೂವರೆ ವರ್ಷಕ್ಕೆ.

ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ದೇವದುರ್ಗದ ಮೊದಲ ಬಸ್ಸಿಗೆ ಬಂದು, ನಾವು ಶಟರ್ ಎತ್ತುವ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ದಿನ ಚೆನ್ನಾಗಿದ್ದ ಯಂತ್ರ ಬೆಳಿಗ್ಗೆ ದೀಪವನ್ನೂ ತೋರಿಸಲಿಲ್ಲವಂತೆ. ಬಿದ್ದಿರಲಿಲ್ಲ, ನೀರೂ ತಾಗಿರಲಿಲ್ಲ. ನಾನು ತೆರೆದು ಪರೀಕ್ಷಿಸಿದೆ. ಮದರ್‌ಬೋರ್ಡಿನ ಮುಖ್ಯ ವಿದ್ಯುತ್ ಸಾಲಿನಲ್ಲಿ ಶಾರ್ಟ್ ಇತ್ತು. ಮೂರು ವರ್ಷದ ವಾರಂಟಿ ಇದ್ದುದರಿಂದ ಒಂದು ರೂಪಾಯಿ ಖರ್ಚಿಲ್ಲದೆ ಹೊಸ ಬೋರ್ಡು ಬರುತ್ತದೆ ಎಂದು ಸಂತೋಷದಿಂದಲೇ ಹೇಳಿದೆ.

“ಬೋರ್ಡ್ ಬದಲಿ ಮಾಡಿದ್ರ ವಿಡಿಯೊ ಇರ್ತಾವಲ್ರೀ?”

“ಇರೂದಿಲ್ಲ,” ಎಂದೆ. ಅಗ್ಗದ ಯಂತ್ರಗಳಲ್ಲಿ ಡಿಸ್ಕ್ ಬೇರೆ ಇರುತ್ತದೆ. ಒಂದು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ, ಬೇರೆ ಯಂತ್ರಕ್ಕೆ ಹಾಕಿ ಓದಬಹುದು. ಈ ತೆಳ್ಳನೆಯ ಯಂತ್ರದಲ್ಲಿ ಸ್ಟೋರೇಜ್ ಚಿಪ್ಪನ್ನು ಬೋರ್ಡಿಗೇ ಬೆಸೆದಿದ್ದರು. ಅದರ ಮೇಲೆ ಎನ್‌ಕ್ರಿಪ್ಷನ್ ಎಂಬ ಬೀಗ ಬೇರೆ, ಕೀಲಿ ಇದ್ದದ್ದೂ ಅದೇ ಬೋರ್ಡಿನಲ್ಲಿ. ಚಿಪ್ ಕಿತ್ತು ಬೇರೆಡೆ ಹಚ್ಚಿದರೂ ಏನೂ ಓದಲಾಗದು. ಕಂಪನಿಯ ನಿಯಮದಂತೆ ಹಳೆಯ ಬೋರ್ಡು ನೇರ ಡಿಪೊಗೆ ಹೋಗಬೇಕು, ಅಲ್ಲಿ ಅದನ್ನು ನಾಶ ಮಾಡುತ್ತಾರೆ. ‘ಮಾಹಿತಿ ನಷ್ಟಕ್ಕೆ ನಾವು ಹೊಣೆಯಲ್ಲ’ ಎಂಬ ಸಾಲಿನ ಕೆಳಗೆ ಗ್ರಾಹಕರು ಸಹಿ ಹಾಕಬೇಕು.

“ಬೇರೆ ಕಾಪಿ ಎಲ್ಲಿ ಅದ?” ಎಂದೆ.

“ಇಲ್ಲ. ಕ್ಯಾಮೆರಾ ಕಾರ್ಡು ತುಂಬಿದಾಗೊಮ್ಮೆ ಇದಕ್ಕ ಹಾಕಿ ಅಳಸ್ತಿದ್ದೆ. ನಮ್ಮೂರಾಗಿನ ನೆಟ್ಟಿಗೆ ಇಷ್ಟು ದೊಡ್ಡ ಫೈಲ್ ಮ್ಯಾಲ ಹೋಗೂದಿಲ್ಲ.” ಆಮೇಲೆ ಸೇರಿಸಿದಳು, “ಇದು ಕೆಡೂದಿಲ್ಲ ಅಂದಿದ್ರಿ ನೀವು.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಯಂತ್ರದೊಳಗೆ ಇದ್ದದ್ದು ದೇವದುರ್ಗ ಮತ್ತು ಮಾನ್ವಿ ತಾಲ್ಲೂಕಿನ ಮೂವತ್ತೆಂಟು ಸೂಲಗಿತ್ತಿಯರ ಮಾತು. ಆಸ್ಪತ್ರೆಗಳು ಬರುವ ಮೊದಲು ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ ಮುದುಕಿಯರು. ಅಡ್ಡ ಬಿದ್ದ ಕೂಸನ್ನು ಹೇಗೆ ತಿರುಗಿಸಿದರು, ಯಾರ ಮನೆಯಲ್ಲಿ ಒಳಗೆ ಕರೆದರು, ಯಾರು ಕೂಸು ಹುಟ್ಟಿದ ಕೂಡಲೇ ಹೊರಗೆ ನಿಲ್ಲಿಸಿದರು, ಎಲ್ಲವನ್ನೂ ತಮ್ಮ ಬಾಯಿಂದಲೇ ಹೇಳಿದ್ದರು. ಅರ್ಧಕ್ಕರ್ಧ ಮಾತನ್ನು ಅವಳು ಇನ್ನೂ ಬರೆದುಕೊಂಡಿರಲಿಲ್ಲ. ಪ್ರಬಂಧ ಒಪ್ಪಿಸಲು ಎರಡು ತಿಂಗಳಿತ್ತು. ಹೇಳಿದವರಲ್ಲಿ ಐವರು ಆಗಲೇ ತೀರಿಕೊಂಡಿದ್ದರು.

ಬುಧವಾರ ಹೊಸ ಬೋರ್ಡು ಬಂತು. ಶನಿವಾರದೊಳಗೆ ಅದನ್ನು ಜೋಡಿಸಬೇಕು, ಇಲ್ಲವೇ ಹಿಂದಕ್ಕೆ ಕಳಿಸಬೇಕು. ಹಳೆಯ ಬೋರ್ಡನ್ನು ಗ್ರಾಹಕರಿಗೇ ಬಿಟ್ಟುಕೊಡಲು ಅನುಮತಿ ಕೇಳಿ ವಿಭಾಗದ ಮ್ಯಾನೇಜರರಿಗೆ ಪತ್ರ ಬರೆದೆ. ಸಾಧ್ಯವಿಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು. ಫೋನ್ ಮಾಡಿದಾಗಲೂ ಅವರು ಅದನ್ನೇ ಹೇಳಿ, “ಕಾಲ್ ಕ್ಲೋಸ್ ಮಾಡಿ ಗಿರಿಜಾ,” ಎಂದರು. ಆ ಮೂರು ದಿನ ನಾನು ಬೇರೆ ಯಾವ ಯಂತ್ರವನ್ನೂ ನೆಟ್ಟಗೆ ಮುಗಿಸಲಿಲ್ಲ. ಒಂದರ ಸ್ಕ್ರೂ ಇನ್ನೊಂದಕ್ಕೆ ಹಾಕಿದೆ. ಕೂತರೆ ಏಳುತ್ತಿದ್ದೆ, ಎದ್ದರೆ ಅವಳ ಯಂತ್ರವಿದ್ದ ಕಪಾಟಿನ ಮುಂದೆ ಹೋಗಿ ನಿಲ್ಲುತ್ತಿದ್ದೆ.

ಗುರುವಾರ ಸುಜಾತಾಳನ್ನು ಕರೆಸಿ ಎರಡೂ ದಾರಿ ಹೇಳಿದೆ. ಸಹಿ ಹಾಕಿದರೆ ಯಂತ್ರ ಹೊಸದಾಗುತ್ತದೆ, ಅಜ್ಜಿಯರು ಹೋಗುತ್ತಾರೆ. ಬೋರ್ಡನ್ನು ಹೊರಗೆ ರಿಪೇರಿ ಮಾಡಿಸಿದರೆ ಅಜ್ಜಿಯರು ಸಿಗಬಹುದು, ಸಿಗದೆಯೂ ಇರಬಹುದು. ಆದರೆ ವಾರಂಟಿ ಅಂದೇ ಸತ್ತಂತೆ. ಲಕ್ಷದ ಯಂತ್ರ ತಗಡಾಗಬಹುದು.

ಅವಳು ಪೆನ್ನು ಕೇಳಿದಳು. ‘ದುರಸ್ತಿ ಬೇಡ, ಯಂತ್ರವನ್ನು ಹಾಗೆಯೇ ವಾಪಸ್ ಪಡೆದಿದ್ದೇನೆ’ ಎಂದು ಬರೆದು ಸಹಿ ಹಾಕಿದಳು.

ನಾನು ಶುಕ್ರವಾರಕ್ಕೆ ರಜೆ ಹಾಕಿದೆ. ಹೊರಗಿನ ರಿಪೇರಿಯಲ್ಲಿ ಕೈಯಾಡಿಸುವುದು ನಮ್ಮ ನೌಕರಿಯಲ್ಲಿ ತಪ್ಪು. ಅದು ಗೊತ್ತಿದ್ದೂ ಬೆಳಿಗ್ಗೆ ಒಂಬತ್ತಕ್ಕೆ ಅವಳನ್ನು ಕರೆದುಕೊಂಡು ತೀನ್ ಕಂದೀಲ್ ವೃತ್ತದ ಹತ್ತಿರದ ಖಾಜಾ ಮಿಯಾರ ಅಂಗಡಿಗೆ ಹೋದೆ. ರೇಡಿಯೊ ಕಾಲದಿಂದ ಸೋಲ್ಡರಿಂಗ್ ಮಾಡುತ್ತ ಬಂದ ಎಪ್ಪತ್ತರ ಹಿರಿಯರು ಅವರು. ಬೋರ್ಡನ್ನು ಬದಲಿಸದೆ ಅದರೊಳಗಿನ ಒಂದೊಂದೇ ಬಿಡಿಭಾಗವನ್ನು ಸರಿಮಾಡುವುದನ್ನು ಚಿಪ್-ಲೆವೆಲ್ ಕೆಲಸ ಎನ್ನುತ್ತಾರೆ. ರಾಯಚೂರಿನಲ್ಲಿ ಆ ಕೆಲಸಕ್ಕೆ ನಾನು ನಂಬುತ್ತಿದ್ದುದು ಅವರೊಬ್ಬರನ್ನೇ.

ಅವರು ಬೋರ್ಡಿನ ಮೇಲೆ ತೆಳುವಾಗಿ ಸ್ಪಿರಿಟ್ ಸವರಿ, ಸಣ್ಣ ಪ್ರಮಾಣದ ವಿದ್ಯುತ್ ಹರಿಸಿದರು. ಶಾರ್ಟ್ ಆದ ಭಾಗ ಬಿಸಿಯಾಗುತ್ತದೆ, ಅದರ ಮೇಲಿನ ಸ್ಪಿರಿಟ್ ಮೊದಲು ಆರುತ್ತದೆ. ಮೂವರೂ ಬಗ್ಗಿ ನೋಡಿದೆವು. ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಕೆಪಾಸಿಟರಿನ ಸುತ್ತ ಒಣ ಚುಕ್ಕೆ ಕಾಣಿಸಿತು. ಖಾಜಾ ಮಿಯಾ ಅದನ್ನು ಕಿತ್ತು ಹಾಕಿ ಬಟನ್ ಒತ್ತಿದರು. ಪರದೆ ಬೆಳಗಿತು. ಸುಜಾತಾ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವರು ಬೆರಳು ಎತ್ತಿ ತಡೆದರು.

“ಖುಷ್ ಆಗಬ್ಯಾಡ್ರಿ ಇನ್ನಾ. ಬಾಜೂಕಿನ ಪವರ್ ಚಿಪ್ಪೂ ಸುಟ್ಟಂಗ ಅದ. ಐದು ಮಿನಿಟ್ ನಡೀತದ, ಆಮ್ಯಾಲ ಬಂದ್ ಮಾಡಿ ತಣ್ಣಗ ಮಾಡಬೇಕು. ಅರ್ಧಾ ತಾಸಿಗೊಮ್ಮೆ ಚಾಲೂ ಮಾಡ್ಕೋತ ಹೋಗೂಣು.”

ಐದು ನಿಮಿಷದಲ್ಲಿ ನಾಲ್ಕೈದು ಜನರ ವಿಡಿಯೊ ಮಾತ್ರ ಹೊರಗಿನ ಡಿಸ್ಕಿಗೆ ಬರುತ್ತಿತ್ತು. ಪ್ರತಿ ಸಲ ಬಟನ್ ಒತ್ತಿದಾಗಲೂ ಅದೇ ಕೊನೆಯದಾಗಬಹುದಿತ್ತು. ಯಾರದನ್ನು ಮೊದಲು ತೆಗೆಯಲಿ ಎಂದು ಸುಜಾತಾಳನ್ನು ಕೇಳಿದೆ.

“ಸತ್ತವರನ್ನ ಮೊದಲ ತಗೀರಿ,” ಎಂದಳು. “ಬದುಕಿದವರ ಮನಿಗೆ ಮತ್ತೊಮ್ಮೆ ಹೋಗಬಹುದು.”

ಐವರು ಬಂದರು. ನಂತರ ಹಾಸಿಗೆ ಹಿಡಿದವರು, ನಂತರ ಮರೆವು ಬಂದವರು, ಆಮೇಲೆ ಉಳಿದವರು. ಒಂದು ಗಂಟೆಯ ಹೊತ್ತಿಗೆ ಮೂವತ್ತನಾಲ್ಕು ಹೆಸರಿನ ಮುಂದೆ ಸುಜಾತಾ ಗೆರೆ ಎಳೆದಿದ್ದಳು. ನಾಲ್ಕು ಉಳಿದಿದ್ದವು, ಒಂದೇ ಸುತ್ತಿನ ಕೆಲಸ. ಜುಮ್ಮಾ ನಮಾಜಿಗೆ ಹೊತ್ತಾಗಿ ಖಾಜಾ ಮಿಯಾ ಎದ್ದರು. ಬೆಳಗಿನಿಂದ ಏನೂ ತಿನ್ನದ ಸುಜಾತಾಳನ್ನು ಖಾನಾವಳಿಗೆ ಕಳಿಸಿದರು. ಹೋಗುವಾಗ ನನಗೆ, “ನಾ ಬರೂತನಕ ಮುಟ್ಟಬ್ಯಾಡ ಬೇಟಿ. ಈ ಸಲ ಭಾಳ ಕಾದದ,” ಎಂದರು.

ಅಂಗಡಿಯಲ್ಲಿ ನಾನೊಬ್ಬಳೇ. ಫ್ಯಾನು ತಿರುಗುತ್ತಿತ್ತು. ಐದು ನಿಮಿಷಕ್ಕೊಮ್ಮೆ ಬೋರ್ಡಿನ ಮೇಲೆ ಬೆರಳಿಟ್ಟು ನೋಡಿದೆ. ಹನ್ನೆರಡು ನಿಮಿಷಕ್ಕೆ ಮೇಲ್ಮೈ ತಣ್ಣಗಾದಂತೆ ಅನಿಸಿತು. ಈ ನಾಲ್ಕೂ ಬಂದುಬಿಟ್ಟರೆ ನಾನು ಅಂದು ಆಡಿದ ಮಾತಿನ ಭಾರ ಇಳಿಯುತ್ತದೆ, ಅವಳು ಊಟ ಮಾಡಿ ಬರುವಷ್ಟರಲ್ಲಿ ಮೂವತ್ತೆಂಟೂ ಆಗಿದೆ ಎಂದು ಹೇಳಬಹುದು. ಹತ್ತೊಂಬತ್ತು ವರ್ಷದ ಅನುಭವ ಬೇಡ ಎನ್ನುತ್ತಿತ್ತು. ಕೈ ಕೇಳಲಿಲ್ಲ. ಬಟನ್ ಒತ್ತಿದೆ.

ಪರದೆ ಬೆಳಗಿತು. ಪಾಸ್‌ವರ್ಡ್ ಹಾಕುತ್ತಿರುವಾಗಲೇ ಚಟ್ ಎಂದು ಸಣ್ಣ ಸದ್ದು, ಸುಟ್ಟ ವಾಸನೆ. ನಂತರ ಏನೂ ಇಲ್ಲ.

ನಮಾಜು ಮುಗಿಸಿ ಬಂದ ಖಾಜಾ ಮಿಯಾ ಹೊಸ್ತಿಲಲ್ಲೇ ಮೂಗೆಳೆದರು. “ಚಾಲೂ ಮಾಡಿದಿ?”

“ಮಾಡಿದೆ.”

ಅವರು ಟೋಪಿ ತೆಗೆದು ಕೂತು, ಸುಜಾತಾ ಊಟ ಮುಗಿಸಿ ಬರುವತನಕ ಬೋರ್ಡಿನೊಂದಿಗೆ ಗುದ್ದಾಡಿದರು. ಪವರ್ ಚಿಪ್ ಸಿಡಿದು ಅದರ ವೋಲ್ಟೇಜು ಬೀಗದ ಕೀಲಿಯಿದ್ದ ಪ್ರೊಸೆಸರಿಗೇ ನುಗ್ಗಿತ್ತು. ಇನ್ನು ಅದನ್ನು ಯಾರೂ ಎಬ್ಬಿಸಲಾಗದು.

ಬೋರ್ಡು ತಾನಾಗಿಯೇ ಸತ್ತಿತು ಎಂದು ಸುಜಾತಾಳಿಗೆ ಹೇಳಬಹುದಿತ್ತು. ಹೇಗೂ ಸಾಯುವ ಸ್ಥಿತಿಯಲ್ಲೇ ಇತ್ತು. ಖಾಜಾ ಮಿಯಾ ಬಾಯಿ ಬಿಡುವವರಲ್ಲ. ಅವಳು ಖಾನಾವಳಿಯಿಂದ ಬಂದು ಮೇಜಿನ ಮೇಲಿನ ಪಟ್ಟಿ ಎತ್ತಿಕೊಂಡಾಗ ಆ ಸುಳ್ಳು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಒಂದು ಸಲ ನನ್ನ ಮಾತು ನಂಬಿ ಅವಳು ಕೆಟ್ಟಿದ್ದಳು. “ಅವರು ಬ್ಯಾಡ ಅಂದಿದ್ರು. ನಾನೇ ಅವಸರ ಮಾಡಿದೆ,” ಎಂದೆ.

ಅವಳು ಪಟ್ಟಿಯಲ್ಲಿ ಗೆರೆ ಬೀಳದ ಹೆಸರುಗಳನ್ನು ಬೆರಳಿಟ್ಟು ಎಣಿಸಿದಳು.

“ನಾಲ್ಕು ಮಂದಿ,” ಎಂದಳು. “ನಾಲ್ಕೂ ಮಾನ್ವಿ ಕಡೆಯವರು. ನೀವೂ ಬರ್ರಿ ನನ್ನ ಜೋಡಿ.”

ಮುಂದಿನ ಮೂರು ಭಾನುವಾರ ನಾನು ಅವಳ ಕ್ಯಾಮೆರಾ ಸ್ಟ್ಯಾಂಡ್ ಹೊತ್ತು ಮಾನ್ವಿ ತಾಲ್ಲೂಕು ತಿರುಗಿದೆ. ಮೊದಲ ಮೂವರು ಅಜ್ಜಿಯರು ಮತ್ತೆ ಹೇಳಿದರು. ಒಬ್ಬಾಕೆ, “ಹೋದ ಸಲ ಹೇಳಲಾರದ್ದೂ ಹೇಳ್ತೀನಿ ತಡಿ,” ಎಂದು ಹಿಂದಿನದಕ್ಕಿಂತ ಒಂದು ತಾಸು ಹೆಚ್ಚೇ ಮಾತಾಡಿದಳು. ನನ್ನ ಎದೆ ಸ್ವಲ್ಪ ಹಗುರಾಗಿತ್ತು. ಮೂರನೆಯ ಭಾನುವಾರ ಕುರ್ಡಿಗೆ ಹೋದೆವು, ನಾಲ್ಕನೆಯಾಕೆ ಹನುಮವ್ವಳ ಮನೆಗೆ. ಬಾಗಿಲಿಗೆ ಬಂದ ಸೊಸೆ ಈರಮ್ಮ ಸುಜಾತಾಳನ್ನು ಗುರುತಿಸಿ ಕೈ ಹಿಡಿದುಕೊಂಡಳು.

“ಯವ್ವ ಹೋಗಿ ಹದಿನಾಲ್ಕು ದಿನ ಆತು ತಾಯಿ. ನಿಮಗ ಯಾರೂ ಹೇಳಲಿಲ್ಲೇನು?”

ಲೆಕ್ಕ ಹಾಕಿದೆ. ನಾನು ಬಟನ್ ಒತ್ತಿದ ಮೂರನೆಯ ದಿನ. ಆಕೆಗೆ ಯಾವ ಕಾಯಿಲೆಯೂ ಇರಲಿಲ್ಲ, ಗಟ್ಟಿಯಾಗಿದ್ದಳು. ಅದಕ್ಕೇ ಪಟ್ಟಿಯಲ್ಲಿ ಕೊನೆಗೆ ಇಟ್ಟಿದ್ದೆವು. ನಾನು ಆ ಮನೆಯ ಕಟ್ಟೆಯ ಮೇಲೆ ಕೂತೆ. ಸುಜಾತಾ ನಿಂತೇ ಇದ್ದಳು. ವಿಡಿಯೊ ಹೋಯಿತು ಎಂದು ಈರಮ್ಮನಿಗೆ ನಾನೇ ಹೇಳಿದೆ, ಹೇಗೆ ಹೋಯಿತು ಎಂಬುದನ್ನೂ.

ಈರಮ್ಮ ಒಳಗೆ ಹೋಗಿ ನೀರು ತಂದುಕೊಟ್ಟಳು. ಆಮೇಲೆ ನನ್ನ ಎದುರು ನೆಲದ ಮೇಲೆ ಕೂತಳು.

“ಇಪ್ಪತ್ತಾರು ವರ್ಷ ಆಕಿ ಜೋಡಿ ಕಂದೀಲು ಹಿಡಕೊಂಡು ಹೋದಾಕಿ ನಾ. ಆಕಿ ನಿಮ್ಮ ಮುಂದ ತನಗ ತಿಳಿದಂಗ ಹೇಳ್ಯಾಳ. ನಾ ನೋಡಿದ್ದು ಬ್ಯಾರೆ ಅದ. ಎರಡು ಸಲ ಆಕಿ ಕೈ ನಡುಗಿತ್ತು, ಕೂಸು ತಗದಾಕಿ ನಾ. ಅದನ್ನ ಆಕಿ ಇರೂತನಕ ಯಾರ ಮುಂದೂ ಹೇಳಿಲ್ಲ. ಹಚ್ಚಿರಿ ನಿಮ್ಮ ಮಷೀನು.”

ಸುಜಾತಾ ಕ್ಯಾಮೆರಾ ಹಚ್ಚಿದಳು. ಈರಮ್ಮ ಎರಡೂವರೆ ತಾಸು ಮಾತಾಡಿದಳು. ಅದು ಹನುಮವ್ವಳ ಮಾತಲ್ಲ, ಆಗಲೂ ಸಾಧ್ಯವಿಲ್ಲ. ಸುಜಾತಾ ತನ್ನ ಪ್ರಬಂಧದಲ್ಲಿ ಮೂವತ್ತೆಂಟನೆಯ ಹೆಸರನ್ನು ಈರಮ್ಮ ಎಂದೇ ಬರೆದು, ಹನುಮವ್ವಳ ವಿಡಿಯೊ ಕಳೆದುಹೋದ ಬಗೆಯನ್ನು ಅಡಿಟಿಪ್ಪಣಿಯಲ್ಲಿ ಸೇರಿಸಿದಳು. ನನ್ನ ಹೆಸರು ಹಾಕಲೇ ಎಂದು ಕೇಳಿದಾಗ ಹಾಕು ಎಂದೆ. ಅವಳು ಹಾಕಲಿಲ್ಲ. ಸಮಯಕ್ಕೆ ಸರಿಯಾಗಿ ಒಪ್ಪಿಸಿದಳು, ಮರುವರ್ಷ ಪದವಿಯೂ ಬಂತು. ಹೊರಗಿನ ರಿಪೇರಿಯ ವಿಷಯವನ್ನು ನಾನೇ ಮ್ಯಾನೇಜರರಿಗೆ ಬರೆದು ತಿಳಿಸಿದೆ. ಎಚ್ಚರಿಕೆ ಪತ್ರ ಬಂತು. ಅದಾಗಿ ಏಳು ತಿಂಗಳಿಗೆ ಆ ನೌಕರಿ ಬಿಟ್ಟು ಸ್ವಂತ ಮೇಜು ಹಾಕಿಕೊಂಡೆ.

ದುಬಾರಿ ಯಂತ್ರ ಬೆಲೆಗೆ ತಕ್ಕದ್ದೋ ಅಲ್ಲವೋ ಎಂದು ಜನ ಈಗಲೂ ಕೇಳುತ್ತಾರೆ. ಗಟ್ಟಿ ಕೀಲು, ಒಳ್ಳೆಯ ಪರದೆ, ಬಾಳುವ ಬ್ಯಾಟರಿ ಬೇಕಿದ್ದರೆ ತಕ್ಕದ್ದೇ, ಅದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ. ಆದರೆ ಮೊದಲು ನಾನು ಡಿಸ್ಕ್ ಬಿಚ್ಚಲು ಬರುತ್ತದೆಯೇ ನೋಡುತ್ತೇನೆ. ಕೆಟ್ಟರೆ ಅದನ್ನು ತೆರೆಯುವವರು ಎಷ್ಟು ದೂರದಲ್ಲಿದ್ದಾರೆ ಎಂದು ವಿಚಾರಿಸುತ್ತೇನೆ. ಒಳಗೆ ಏನಿಡುತ್ತೀರಿ, ಅದರ ಎರಡನೆಯ ಪ್ರತಿ ಎಲ್ಲಿರುತ್ತದೆ ಎಂದು ಕೇಳುತ್ತೇನೆ. ಬಹಳಷ್ಟು ಜನಕ್ಕೆ ಆ ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿರುವುದಿಲ್ಲ. ಹಾಗಿದ್ದರೆ ಬೆಲೆ ಕಡಿಮೆಯದನ್ನು ಕೊಂಡು ಉಳಿದ ದುಡ್ಡಿನಲ್ಲಿ ಎರಡು ಹೊರಗಿನ ಡಿಸ್ಕ್ ಕೊಳ್ಳಿ, ಒಂದನ್ನು ಬೇರೆಯವರ ಮನೆಯಲ್ಲಿಡಿ ಎನ್ನುತ್ತೇನೆ. ಕೆಡುವುದಿಲ್ಲ ಎಂಬ ಮಾತನ್ನು ಯಾವ ಯಂತ್ರದ ಬಗೆಗೂ ಆಡುವುದಿಲ್ಲ.

ಇನ್ನೊಂದು ಪಾಠವನ್ನು ಗ್ರಾಹಕರಿಗೆ ಹೇಳುವಂತಿಲ್ಲ, ಅದು ನನ್ನದು. ಬೋರ್ಡು ತಣಿಯಲು ಬಿಟ್ಟಾಗ ನಾನು ಮೇಜಿನ ಹತ್ತಿರ ಕೂರುವುದಿಲ್ಲ. ಅಂಗಡಿಗೆ ಬೀಗ ಹಾಕಿ, ಕೀಲಿಯನ್ನು ಪಕ್ಕದ ಟೇಲರ್ ಕೈಗೆ ಕೊಟ್ಟು, ಅರ್ಧ ತಾಸು ಆಗುವ ಮೊದಲು ಕೇಳಿದರೂ ಕೊಡಬೇಡಿ ಎಂದು ಹೇಳಿ ರಸ್ತೆಯಲ್ಲಿ ನಡೆಯುತ್ತೇನೆ. ಒಮ್ಮೊಮ್ಮೆ ಹತ್ತೇ ನಿಮಿಷಕ್ಕೆ ವಾಪಸ್ ಬಂದು ಕೈ ಚಾಚುತ್ತೇನೆ. ಟೇಲರ್ ಗಡಿಯಾರ ನೋಡಿ ತಲೆ ಅಲ್ಲಾಡಿಸುತ್ತಾನೆ. ನಾನು ಮತ್ತೆ ನಡೆಯುತ್ತೇನೆ.